ಎಷ್ಟು ಹಾಕಿದರೂ ನಿಲ್ಲದ ಕ್ಲೋರಿನ್: ಮನೆಯ ಈಜುಕೊಳಕ್ಕೊಂದು ಬಕೆಟ್ ಪರೀಕ್ಷೆ

ಮಳೆಗಾಲವಿಡೀ ಬಳಸದೆ ಬಿಟ್ಟ ತೋಟದ ಮನೆಯ ಈಜುಕೊಳವನ್ನು ಮತ್ತೆ ಸಿದ್ಧಗೊಳಿಸುವಾಗ ಹಲವರಿಗೆ ಒಂದೇ ತೊಂದರೆ ಎದುರಾಗುತ್ತದೆ. ಸಂಜೆ ಹಾಕಿದ ಕ್ಲೋರಿನ್ ಬೆಳಗಾಗುವಷ್ಟರಲ್ಲಿ ಇಲ್ಲವಾಗಿರುತ್ತದೆ; ಮರುದಿನ ಇನ್ನಷ್ಟು ಹಾಕಿದರೂ ಹಾಗೆಯೇ ಆಗುತ್ತದೆ. ಕೊಳೆತ ಎಲೆ, ಪಾಚಿ, ಬೆವರು, ತೋಟದಿಂದ ಮಳೆನೀರಿನೊಂದಿಗೆ ಹರಿದು ಬಂದ ಗೊಬ್ಬರದ ಅಂಶ ಇವೆಲ್ಲವೂ ಕ್ಲೋರಿನ್ನನ್ನು ಬಳಸಿಕೊಂಡು ಮುಗಿಸುತ್ತವೆ. ಇವುಗಳ ಪಾಲು ತೀರಿದ ಮೇಲಷ್ಟೇ ರೋಗಾಣುಗಳನ್ನು ಕೊಲ್ಲಲು ನೀರಿನಲ್ಲಿ ಕ್ಲೋರಿನ್ ಉಳಿಯುತ್ತದೆ. ಆ ಪಾಲಿಗೇ ಕ್ಲೋರಿನ್ ಬೇಡಿಕೆ ಎಂದು ಹೆಸರು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ದಿನಕ್ಕಿಷ್ಟು ಎಂದು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗುವುದು. ಗೊಬ್ಬರ, ಮೂತ್ರ ಮತ್ತು ಬೆವರಿನಿಂದ ಬರುವ ಅಮೋನಿಯಾದೊಂದಿಗೆ ಕ್ಲೋರಿನ್ ಸೇರಿದಾಗ ಮೊದಲು ಕ್ಲೋರಮೈನ್ ಎಂಬ ಸಂಯುಕ್ತಗಳು ಉಂಟಾಗುತ್ತವೆ. ಕಣ್ಣುರಿ ತರುವುದೂ, ನಾವು ‘ಕ್ಲೋರಿನ್ ವಾಸನೆ’ ಎಂದುಕೊಳ್ಳುವ ಘಾಟನ್ನು ಹರಡುವುದೂ ಇವೇ. ಒಂದು ಪಾಲು ಅಮೋನಿಯಾ ಸಾರಜನಕವನ್ನು ಪೂರ್ತಿ ತೊಲಗಿಸಲು ತೂಕದಲ್ಲಿ ಎಂಟರಿಂದ ಹತ್ತು ಪಾಲು ಕ್ಲೋರಿನ್ ಬೇಕು. ಅದಕ್ಕಿಂತ ಕಡಿಮೆ ಹಾಕಿದರೆ ಕ್ಲೋರಮೈನ್ ಉಳಿದುಕೊಳ್ಳುತ್ತದೆ, ಹಣವೂ ವ್ಯರ್ಥವಾಗುತ್ತದೆ. ಆದ್ದರಿಂದ ಬೇಡಿಕೆ ಎಷ್ಟೆಂದು ಮೊದಲೇ ಅಳೆದು, ಅಷ್ಟನ್ನೂ ಒಂದೇ ಸಂಜೆ ಕೊಡಬೇಕು.

ಅಳೆಯುವ ಮುನ್ನ ಕ್ಲೋರಿನ್ನನ್ನು ಕಳೆಯುತ್ತಿರುವುದು ಕಲ್ಮಶವೋ ಬಿಸಿಲೋ ಎಂದು ತಿಳಿಯಬೇಕು. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಮರುದಿನ ಬಿಸಿಲೇರುವ ಮೊದಲು ಇನ್ನೊಮ್ಮೆ ಪರೀಕ್ಷಿಸಿ. ರಾತ್ರಿಯಲ್ಲಿ 1 ಪಿಪಿಎಂಗಿಂತ, ಅಂದರೆ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಅದು ಕಲ್ಮಶದ ಕೆಲಸ. ರಾತ್ರಿ ನಿಂತ ಕ್ಲೋರಿನ್ ಹಗಲಿನಲ್ಲಿ ಮಾತ್ರ ಇಳಿಯುತ್ತಿದ್ದರೆ ಬಿಸಿಲಿನ ಕಡೆ ನೋಡಬೇಕು. ಆಗ ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಮ್ಲವನ್ನು 30ರಿಂದ 50 ಪಿಪಿಎಂ ಮಟ್ಟದಲ್ಲಿ ಇಟ್ಟುಕೊಂಡರೆ ಸಾಕು. ಟಿಸಿಸಿಎ (ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ) ಎಂಬ ಕ್ಲೋರಿನ್ ಮಾತ್ರೆ ಬಳಸುವವರ ಕೊಳದಲ್ಲಿ ಈ ಆಮ್ಲ ತಾನಾಗಿಯೇ ಸೇರುತ್ತಾ ಹೋಗುವುದರಿಂದ ಅವರು ಬೇರೆಯಾಗಿ ಹಾಕಬಾರದು.

ಪರೀಕ್ಷಾ ಕಿಟ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹನಿ ಹಾಕಿದಾಗ ನೀರು ಹಳದಿಯಾಗುವ ಅಗ್ಗದ ಕಿಟ್, ಬಳಕೆಯಾಗದೆ ಉಳಿದಿರುವ ‘ಮುಕ್ತ’ ಕ್ಲೋರಿನ್ ಮತ್ತು ಕ್ಲೋರಮೈನ್ ಎರಡನ್ನೂ ಒಟ್ಟಾಗಿ ತೋರಿಸುತ್ತದೆ. ಈ ಕೆಲಸಕ್ಕೆ ನೀರನ್ನು ಗುಲಾಬಿಯಾಗಿಸುವ ಡಿಪಿಡಿ ಕಿಟ್ಟೇ ಬೇಕು. ಆದರೆ ಕ್ಲೋರಿನ್ ತೀರಾ ಹೆಚ್ಚಿದ್ದರೆ ಆ ಗುಲಾಬಿ ಬಣ್ಣವೂ ಕ್ಷಣಮಾತ್ರದಲ್ಲಿ ಬಿಳಚಿಕೊಂಡು ‘ಸೊನ್ನೆ’ಯಂತೆ ಕಾಣುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಮೊದಲ ಕೆಲಸ ಶುಚಿ ಮಾಡುವುದು. ಎಲೆಗಳನ್ನು ಬಲೆಯಿಂದ ತೆಗೆದು, ಗೋಡೆ ಮತ್ತು ಮೆಟ್ಟಿಲುಗಳನ್ನು ಬ್ರಷ್‌ನಿಂದ ಉಜ್ಜಿ, ತಳದ ಕೆಸರನ್ನು ಫಿಲ್ಟರ್‌ಗೆ ಬಿಡದೆ ನೇರವಾಗಿ ಹೊರಕ್ಕೆ ಹೀರಿಸಿ, ಬಳಿಕ ಸ್ಯಾಂಡ್ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಬೇಕು. ಕೈಯಿಂದ ತೆಗೆಯಬಹುದಾದ ಎಲೆಯನ್ನು ಕ್ಲೋರಿನ್ನಿನಿಂದ ಕರಗಿಸಲು ಹೊರಡುವುದು ದುಬಾರಿ ದಾರಿ. ಪಿಎಚ್ 7.2ರಿಂದ 7.4ರ ನಡುವೆ ಇರಲಿ. 8ಕ್ಕೆ ಏರಿದರೆ ಕ್ಲೋರಿನ್ನಿನ ಹೆಚ್ಚಿನ ಭಾಗ ಮಂದ ರೂಪಕ್ಕೆ ತಿರುಗುತ್ತದೆ.

ಈಗ ಬಕೆಟ್ ಪರೀಕ್ಷೆ. ಐದು ಶುದ್ಧ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ತಲಾ 10 ಲೀಟರ್ ಕೊಳದ ನೀರು ತುಂಬಿ, ಕೊಳಕ್ಕೆ ಹಾಕಲಿರುವ ಕ್ಯಾನಿನಿಂದಲೇ ಸೋಡಿಯಂ ಹೈಪೋಕ್ಲೋರೈಟನ್ನು (ದ್ರವರೂಪದ ಕ್ಲೋರಿನ್) ಸೂಜಿಯಿಲ್ಲದ ಸಿರಿಂಜಿನಲ್ಲಿ ತೆಗೆದು ಕ್ರಮವಾಗಿ 0.5, 1, 1.5, 2 ಮತ್ತು 3 ಮಿಲಿಲೀಟರ್ ಬೆರೆಸಿ. ಶೇ 10ರ ದ್ರಾವಣವಾದರೆ 1 ಮಿಲಿಲೀಟರ್ ಎಂದರೆ 10 ಪಿಪಿಎಂ. ಕಲಕಿ, ಮುಚ್ಚಿ, ನೆರಳಿನಲ್ಲಿ 24 ಗಂಟೆ ಇಟ್ಟು ಒಂದೊಂದನ್ನೂ ಪರೀಕ್ಷಿಸಿ. ಕನಿಷ್ಠ 1ರಿಂದ 2 ಪಿಪಿಎಂ ಮುಕ್ತ ಕ್ಲೋರಿನ್ ಉಳಿಸಿಕೊಂಡ ಮೊದಲ ಬಕೆಟ್ಟೇ ನಿಮ್ಮ ಕೊಳದ ಅಳತೆ. ಹೈಪೋಕ್ಲೋರೈಟ್ ಬಿಸಿಲು ಮತ್ತು ಸೆಕೆಗೆ ಬೇಗ ಸತ್ವ ಕಳೆದುಕೊಳ್ಳುವುದರಿಂದ ಲೇಬಲ್ಲಿನ ಅಂಕಿಯನ್ನು ನಂಬುವಂತಿಲ್ಲ. ಆದರೆ ಅದೇ ಕ್ಯಾನಿನಿಂದ ಅಳೆದದ್ದರಿಂದ ಆ ಕೊರತೆಯೂ ಲೆಕ್ಕದೊಳಗೇ ಬಂದುಬಿಡುತ್ತದೆ. ಈ ವಿಧಾನವನ್ನು ನಾನು ಮೆಚ್ಚಲು ಮುಖ್ಯ ಕಾರಣ ಇದು.

30 ಅಡಿ ಉದ್ದ, 15 ಅಡಿ ಅಗಲ, ಸರಾಸರಿ 4 ಅಡಿ ಆಳದ ಕೊಳ 1,800 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ ಸುಮಾರು 51,000 ಲೀಟರ್. 1.5 ಮಿಲಿಲೀಟರಿನ ಬಕೆಟ್ ಗೆದ್ದಿದ್ದರೆ ಕೊಳಕ್ಕೆ ಸುಮಾರು 7.7 ಲೀಟರ್ ಬೇಕು.

ಬಕೆಟ್ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣವಿದೆ ಎಂದು ತಿಳಿಯಬಹುದು. ಕೊಳಕ್ಕೆ ಕ್ಲೋರಿನ್ ಸುರಿಯುವ ಮೊದಲೇ ಅದು ಗೊತ್ತಾದದ್ದು ಒಳ್ಳೆಯದೇ. ಐದೂ ಬಕೆಟ್ ಸೊನ್ನೆ ತೋರಿಸಿದರೆ ಅರ್ಧ ನೀರು ಬದಲಿಸುವುದು ಅಗ್ಗ, ಏಕೆಂದರೆ ಬೇಡಿಕೆಯೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ಊರಿನಲ್ಲಿ ನೀರಿನ ಲಭ್ಯತೆ ನೋಡಿ ನಿರ್ಧರಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಬೇಕಾದ ದಿನಗಳನ್ನು ನಾವು ಕಂಡಿದ್ದೇವೆ. ಹೊರಬಿಡುವ ನೀರಿನಲ್ಲಿ ಕ್ಲೋರಿನ್ ಇದ್ದರೆ ಮೀನುಗಳು ಸಾಯುವುದರಿಂದ ಅದನ್ನು ಕೆರೆ, ಹಳ್ಳಕ್ಕೆ ಬಿಡಲೇಬಾರದು.

ಸೂರ್ಯ ಮುಳುಗಿದ ಮೇಲೆ ಕೈಗವಸು, ಕನ್ನಡಕ ಧರಿಸಿ, ಪಂಪ್ ಓಡಿಸಿಟ್ಟು, ಅಳತೆಯಷ್ಟನ್ನೂ ಕೊಳದ ಅಂಚಿನುದ್ದಕ್ಕೂ ನಿಧಾನವಾಗಿ ಸುರಿಯಿರಿ. ಆಮ್ಲವನ್ನು ಕ್ಲೋರಿನ್ನಿನ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಟಿಸಿಸಿಎ ಮಾತ್ರೆಗೂ ಬ್ಲೀಚಿಂಗ್ ಪೌಡರಿಗೂ ಒಂದೇ ಡಬ್ಬ, ಒಂದೇ ಚಮಚ ಬಳಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ರಾತ್ರಿಯಿಡೀ ಪಂಪ್ ಓಡಲಿ. ಕ್ಲೋರಿನ್ 3 ಪಿಪಿಎಂಗೆ ಇಳಿಯುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಮರುದಿನ ಮುಂಜಾನೆ ಮತ್ತೆ ಅಳೆಯಿರಿ. ಬಕೆಟ್ಟಿನಲ್ಲಿ ನಿಂತ ಕ್ಲೋರಿನ್ ಕೊಳದಲ್ಲಿ ಮಾತ್ರ ನಿಲ್ಲದಿದ್ದರೆ ತೊಂದರೆ ನೀರಿನಲ್ಲಿಲ್ಲ. ಫಿಲ್ಟರಿನ ಮರಳಿನಲ್ಲಿ, ಪೈಪುಗಳಲ್ಲಿ ಅಥವಾ ದೀಪದ ಹಿಂದಿನ ಗೂಡಿನಲ್ಲಿ ಲೋಳೆ ಕಟ್ಟಿಕೊಂಡಿರುತ್ತದೆ. ಆಗ ಇನ್ನೊಂದು ಕ್ಯಾನ್ ತರುವ ಬದಲು ಫಿಲ್ಟರಿನ ಮುಚ್ಚಳ ತೆಗೆದು ಮರಳನ್ನು ನೋಡಿ. ಅದು ಜಿಗುಟಾಗಿ ಉಂಡೆಗಟ್ಟಿದ್ದರೆ ಹೊಸ ಮರಳು ತುಂಬಿಸಿ.