ಹುಣಸೆಹುಳಿ ಹಚ್ಚಿ ಕೆಡಿಸಿದ ಪಿಟಿಸ್

ಕೌಲಾಲಂಪುರಕ್ಕೆ ಕೆಲಸಕ್ಕೆ ಬಂದ ಮೇಲೆ ಅಂಟಿದ ಹುಚ್ಚು ಈ ಪಿಟಿಸ್. ಮಲೇಷ್ಯಾದ ಈಶಾನ್ಯದ ರಾಜ್ಯ ಕೆಲಾಂತಾನ್, ಅಲ್ಲಿನ ಸುಲ್ತಾನರ ಕಾಲದ ತವರದ ಕಾಸು, ನಡುವೆ ತೂತು. 1943ರಲ್ಲಿ ನಮ್ಮಲ್ಲಿ ಬಂದ ತೂತಿನ ಕಾಸನ್ನು ಅಜ್ಜಿಯ ಡಬ್ಬಿಯಲ್ಲಿ ನೋಡಿರ್ತೀರಲ್ವಾ, ಹೆಚ್ಚುಕಮ್ಮಿ ಹಾಗೇ, ಆದರೆ ಬೂದು ಬಣ್ಣ, ತೀರಾ ತೆಳು, ಇದೂ ಒಂದು ದುಡ್ಡಾ ಅನ್ನಿಸುತ್ತದೆ. ತೂತಿಗೆ ದಾರ ಪೋಣಿಸಿ ಸರ ಮಾಡಿಡುತ್ತಿದ್ದರು.

ಮೊದಲನೆಯದು ಸಿಕ್ಕಿದ್ದು ಕೆಲಾಂತಾನಿನ ರಾಜಧಾನಿ ಕೋತಾ ಬಾರುವಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ. ರೂಮಿಗೆ ಬಂದವನೇ ದೇವರ ಪಾತ್ರೆ ಬೆಳಗೋ ಹಾಗೆ ಹುಣಸೆಹುಳಿ ಹಚ್ಚಿ ತೆಂಗಿನ ನಾರಲ್ಲಿ ತಿಕ್ಕಿದೆ. ಫಳಫಳ ಹೊಳೆಯಿತು. ಅಕ್ಷರವೂ ಅರ್ಧ ಹೋಯಿತು! ತವರ ಎಷ್ಟು ಮೆದು ಅಂದರೆ ಉಗುರಿನ ಗೀರೂ ಬೀಳುತ್ತದೆ. ಈಗ ಬರೀ ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್ಷಲ್ಲಿ ಒಂದೆರಡು ಸಲ ಸವರಿ ಒಣಗಿಸುತ್ತೇನೆ. ಸೀಸ ಬೆರೆಸಿರಬಹುದು, ಆಮೇಲೆ ಕೈ ತೊಳೆಯಬೇಕು.

ಕೊಳ್ಳುವಾಗ ಮೊದಲು ಅಂಚು ನೋಡುತ್ತೇನೆ. ಇವನ್ನು ಠಸೆ ಹಾಕಿ ಮಾಡಿದ್ದಲ್ಲ, ಅಚ್ಚಿಗೆ ಎರಕ ಹೊಯ್ದಿದ್ದು. ನಮ್ಮ ಕಲಾಯಿಯವರ ತವರವೇ, 232 ಡಿಗ್ರಿಗೆ ಕರಗುತ್ತದೆ, ಇದ್ದಿಲ ಒಲೆ ಸಾಕು. ಅಚ್ಚು ಬಿಚ್ಚಿದರೆ ನಡುವೆ ಕಾಂಡ, ಎರಡೂ ಕಡೆ ಕೊಂಬೆ, ಕೊಂಬೆ ತುದಿಗೆ ಕಾಸು. ಪೊಕೊಕ್ ಪಿಟಿಸ್, ಅಂದರೆ ಕಾಸಿನ ಗಿಡ! ದುಡ್ಡೇನು ಗಿಡದಲ್ಲಿ ಬಿಡುತ್ತಾ ಅಂತ ಅಪ್ಪ ಬೈತಿದ್ದದ್ದು ನೆನಪಾಗಿ ಒಬ್ಬನೇ ನಕ್ಕಿದ್ದೆ. ಕೊಂಬೆಯಿಂದ ಮುರಿದ ಜಾಗದಲ್ಲಿ ಸಣ್ಣ ಮೊಟಕು ಉಳಿದಿರುತ್ತದೆ. ಅಂಚು ಸುತ್ತಲೂ ನುಣ್ಣಗಿದ್ದರೆ ನಾನು ಸುಮ್ನೆ ಕೆಳಗಿಡುತ್ತೇನೆ.

ಓದೋದಕ್ಕೆ ಜಾಸ್ತಿ ದಿನ ಹಿಡಿಯಿತು. ಬರಹ ಜಾವಿ, ಅರಬ್ಬೀ ಲಿಪಿಯಲ್ಲಿ ಮಲಯ್. ಬೆಲಾಂಜಾ ಅಂದರೆ ಖರ್ಚು, ಕೆರಾಜಾಅನ್ ಅಂದರೆ ಸರ್ಕಾರ, ಅದರೊಳಗೆ ನಮ್ಮ ರಾಜನೇ ಕೂತಿದ್ದಾನೆ ನೋಡಿ. ಅಂಕಿಯಲ್ಲಿ ನಾಲ್ಕು ಅಂದರೆ ತಿರುಗಿಸಿ ಬರೆದ ಇಂಗ್ಲಿಷ್ ಮೂರರ ಹಾಗಿರುತ್ತದೆ, ಅದರಲ್ಲೇ ನಾನು ಎಡವಿದ್ದು. ಕಾಸಿನ ಮೇಲಿರುವುದು ಹಿಜ್ರಿ, ಅಂದರೆ ಇಸ್ಲಾಮೀ ಪಂಚಾಂಗದ ವರ್ಷ; ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಬರುತ್ತದೆ. ನನ್ನ ಒಂದು ಕಾಸಿನ ಮೇಲಿದ್ದ 1314ಕ್ಕೆ ಲೆಕ್ಕ 1896 ಅಂದಿತು. ಆದರೆ ಕಾಸಿನ ಹಿಂದೆ ಜುಲ್‌ಹಿಜ್ಜಾ ಅಂತ ತಿಂಗಳೂ ಇದೆ, ಅದು ವರ್ಷದ ಕೊನೇ ತಿಂಗಳು, ಹಾಗಾಗಿ 1897ರ ಮೇ.

ಆ 1314ರದನ್ನು ಕಾಗದದ ಲಕೋಟೆಯಲ್ಲಿಟ್ಟಿದ್ದೇನೆ. ತೂತಿನ ಒಳಗೆ ಅಂಟಿದ ಮಣ್ಣು ಹಾಗೇ ಇದೆ, ಮುಟ್ಟಿಲ್ಲ.