ರಿಜಿಸ್ಟರ್ ತುಂಬಾ ಬರೀ ನಾಲ್ಕು ಡಿಗ್ರಿ

ಹೋಟೆಲ್ ಅಡುಗೆಮನೆಯ ಉಸ್ತುವಾರಿ ನನ್ನ ಪಾಲಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಫ್ರಿಜ್ ಪಕ್ಕದಲ್ಲಿ ನೇತಾಡುತ್ತಿದ್ದ ತಾಪಮಾನದ ರಿಜಿಸ್ಟರ್. ಬೆಳಿಗ್ಗೆ 4, ಸಂಜೆ 4, ತಿಂಗಳು ಪೂರ್ತಿ 4. ಒಂದೇ ಪೆನ್ನು, ಒಂದೇ ಓಟದಲ್ಲಿ ಬರೆದ ಹಾಗಿತ್ತು. ಊಟದ ಹೊತ್ತಿನಲ್ಲಿ ನಿಮಿಷಕ್ಕೊಂದು ಸಲ ಬಾಗಿಲು ತೆಗೆಯುವ ಫ್ರಿಜ್ ಹೀಗೆ ಕದಲದೆ ನಿಲ್ಲಲು ಸಾಧ್ಯವೇ ಇಲ್ಲ. ಬರೆಯುವ ಹುಡುಗನನ್ನು ಕೇಳಿದೆ. "ಎಂಟು ಅಂತ ಬರೆದ್ರೆ ಬೈತಾರೆ ಸರ್, ನಾಲ್ಕು ಬರೆದ್ರೆ ಯಾರೂ ಏನೂ ಕೇಳಲ್ಲ" ಅಂದ. ಅವನ ಲೆಕ್ಕ ಸರಿಯಾಗೇ ಇತ್ತು.

ತಪಾಸಣೆಗೆ ತಯಾರಿ ಅಂದರೆ ನೆಲ ತಿಕ್ಕುವುದು, ಗೋಡೆ ಒರೆಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅದೂ ಬೇಕು. ಆದರೆ ಜನರನ್ನು ಆಸ್ಪತ್ರೆಗೆ ಸೇರಿಸುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಸಂಗತಿಗಳು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಆಹಾರ ಆ ನಡುವೆ ಎಷ್ಟು ಹೊತ್ತು ಕೂತಿತ್ತು ಎಂಬುದೇ ಮುಖ್ಯ ಪ್ರಶ್ನೆ. ಉತ್ತರ ಇರಬೇಕಾದದ್ದು ರಿಜಿಸ್ಟರ್‌ನಲ್ಲಿ, ಅದೇ ಸುಳ್ಳಾದರೆ ಮಾಡುವುದೇನು?

ಹಾಗಾಗಿ ಮೊದಲು ಬದಲಿಸಿದ್ದು ಬೈಯುವ ರೂಢಿಯನ್ನು. ಎಷ್ಟು ಬಂತೋ ಅಷ್ಟೇ ಬರೆಯಬೇಕು. 5 ದಾಟಿದರೆ ಏನು ಮಾಡಿದಿರಿ ಅಂತ ಪಕ್ಕದ ಕಾಲಂನಲ್ಲಿ ಬರೆಯಬೇಕು. ಈ ಕಾಲಂ ನನ್ನ ಕಲ್ಪನೆಯಲ್ಲ. 1960ರ ದಶಕದಲ್ಲಿ ಗಗನಯಾತ್ರಿಗಳ ಆಹಾರಕ್ಕಾಗಿ ರೂಪುಗೊಂಡ, ಆಹಾರ ಎಲ್ಲೆಲ್ಲಿ ಕೆಡಬಹುದೆಂದು ಮೊದಲೇ ಗುರುತಿಸಿ ತಡೆಯುವ ಹ್ಯಾಸಪ್ (HACCP) ಪದ್ಧತಿಯಲ್ಲೇ ಇದಕ್ಕೆ ಜಾಗವಿದೆ: ಅಳೆಯುವುದು, ತಪ್ಪಿದ್ದನ್ನು ಸರಿಪಡಿಸುವುದು, ಎರಡನ್ನೂ ಬರೆದಿಡುವುದು. ಜೊತೆಗೆ ಥರ್ಮಾಮೀಟರನ್ನೂ ಪರೀಕ್ಷಿಸಿದೆವು. ಲೋಟದ ತುಂಬಾ ಪುಡಿ ಐಸ್, ಸ್ವಲ್ಪ ನೀರು, ಚೆನ್ನಾಗಿ ಕಲಸಿ ಕಡ್ಡಿ ಅದ್ದಿದರೆ 0 ತೋರಿಸಬೇಕು.

ಸ್ವಲ್ಪ ದಿನದಲ್ಲೇ ರಿಜಿಸ್ಟರ್‌ನಲ್ಲಿ 9 ಕಾಣಿಸಿತು. ಬಾಗಿಲಿನ ಸಂದಿಗೆ ಕಾಗದದ ಚೂರು ಇಟ್ಟು ಮುಚ್ಚಿ ಎಳೆದರೆ ಸಲೀಸಾಗಿ ಈಚೆಗೆ ಬಂತು. ರಬ್ಬರ್ ಗ್ಯಾಸ್ಕೆಟ್ ಕೆಳಮೂಲೆಯಲ್ಲಿ ಹರಿದಿತ್ತು, ಮಡಿಕೆಯೊಳಗೆ ಕಪ್ಪು ಬೂಷ್ಟು. ಎಷ್ಟು ಕಾಲದಿಂದ ಹಾಗಿತ್ತೋ, ನಾಲ್ಕು ಡಿಗ್ರಿಯ ಹಿಂದೆ ಅಡಗಿ ಕೂತಿತ್ತು.

ಹೆಚ್ಚು ಜಗಳವಾದದ್ದು ಅನ್ನದ ವಿಷಯಕ್ಕೆ. ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಬಿಟ್ಟು, ಆರಿದ ಮೇಲೆ ಒಳಗಿಡುವುದು ಅಲ್ಲಿನ ಪದ್ಧತಿ. "ಇಷ್ಟು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ" ಅಂದರು ಹಿರಿಯ ಬಾಣಸಿಗರು. ವಾದ ಮಾಡಲಿಲ್ಲ. "ಮುಟ್ಟಿ ನೋಡಿ" ಅಂದೆ; ಪಾತ್ರೆಯ ಹೊರಮೈ ತಣ್ಣಗಿತ್ತು. ಥರ್ಮಾಮೀಟರ್ ಕಡ್ಡಿಯನ್ನು ನಡುಮಧ್ಯಕ್ಕೆ ಇಳಿಸಿದಾಗ ಅಂಕಿ ಏರುತ್ತಾ ಹೋಗಿ 46ಕ್ಕೆ ನಿಂತಿತು. ಅವರು ಇನ್ನೊಂದು ಕಡೆ ತಾವೇ ಚುಚ್ಚಿ ನೋಡಿದರು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿಯುತ್ತವೆ. ಅನ್ನ ಬೆಚ್ಚಗೆ ಕೂತಷ್ಟೂ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಈಗ ಅಗಲವಾದ ಟ್ರೇಗಳಲ್ಲಿ ತೆಳ್ಳಗೆ ಹರವಿ, 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸುತ್ತೇವೆ. ಟ್ರೇ ಮೇಲೆ ಸಮಯ ಬರೆಯುವವರು ಅದೇ ಬಾಣಸಿಗರು.

ಕೈ ತೊಳೆಯುವುದಕ್ಕೆ ನಾನು ಬೋರ್ಡ್ ನೆಚ್ಚಿಕೊಂಡಿಲ್ಲ. ಊಟದ ಭರಾಟೆ ನಡೆದಿರುವಾಗಲೇ ಹೋಗಿ ಸಿಂಕ್ ನೋಡುತ್ತೇನೆ. ತಳ ಒಣಗಿದ್ದರೆ ಯಾರೂ ಕೈ ತೊಳೆದಿಲ್ಲ. ಗ್ಲೌಸ್ ಹಾಕಿದವರು ಅದೇ ಗ್ಲೌಸ್‌ನಲ್ಲಿ ಹಸಿ ಮಾಂಸ, ಫೋನು, ಸೊಪ್ಪು ಎಲ್ಲಾ ಮುಟ್ಟುತ್ತಾರೆ. ಅದಕ್ಕಿಂತ ಬರಿಗೈ ತೊಳೆದುಕೊಳ್ಳುವವರೇ ವಾಸಿ.

ಕಾಯಿಲೆ ಮುಚ್ಚಿಡುವುದೂ ರಿಜಿಸ್ಟರ್ ಕಥೆಯೇ. ವಾಂತಿ, ಭೇದಿ ಇದ್ದವರು ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಆದರೆ ರಜೆ ಹಾಕಿದರೆ ಸಂಬಳ ಕಡಿತ ಅಂದಾಗ ಯಾರು ಬಾಯಿ ಬಿಡುತ್ತಾರೆ? ಆ ಎರಡು ದಿನಕ್ಕೆ ಸಂಬಳ ಕೊಡಬೇಕು ಅಂತ ಮಾಲೀಕರ ಹಿಂದೆ ಬಿದ್ದು ಒಪ್ಪಿಸಿದೆ. ಆಮೇಲೆ ಬೆಳಿಗ್ಗೆಯೇ ಫೋನ್ ಬರತೊಡಗಿತು.

ಮುಂದಿನ ತಪಾಸಣೆ ನಡೆದದ್ದು ಸರಿಯಾಗಿ ಊಟದ ಹೊತ್ತಿಗೆ. ಅಧಿಕಾರಿ ರಿಜಿಸ್ಟರ್ ತಿರುವಿ, 9 ಬರೆದ ಸಾಲಿನ ಮೇಲೆ ಬೆರಳಿಟ್ಟು, "ಇದೇನು?" ಅಂದರು. ಗ್ಯಾಸ್ಕೆಟ್ ಬದಲಿಸಿದ ಬಿಲ್ಲನ್ನು ಆ ಹುಡುಗನೇ ತಂದು ತೋರಿಸಿದ. ಅವರು ತಮ್ಮ ಥರ್ಮಾಮೀಟರ್ ಹಾಕಿ ನೋಡಿ ಮುಂದೆ ಹೋದರು. ವರದಿಯಲ್ಲಿ ಎರಡು ಲೋಪ ಬರೆದರು: ಡಬ್ಬಿ ತೆರೆಯುವ ಯಂತ್ರದ ಅಲಗಿಗೆ ಅಂಟಿದ ಜಿಡ್ಡು, ಒದ್ದೆಯಾಗಿ ಮುದುಡಿ ಬಿದ್ದಿದ್ದ ಒರೆಸುವ ಬಟ್ಟೆ. ಅಲಗು ಈಗ ದಿನಾ ರಾತ್ರಿ ಪಾತ್ರೆಗಳ ಜೊತೆ ತೊಳೆಯಲು ಹೋಗುತ್ತದೆ. ಬಟ್ಟೆಗಳನ್ನು ಕ್ಲೋರಿನ್ ನೀರಿನ ಬಕೆಟ್‌ನಲ್ಲಿ ಅದ್ದಿಡುತ್ತೇವೆ. ಆ ನೀರಿನ ಕಡುಪನ್ನು ಟೆಸ್ಟ್ ಸ್ಟ್ರಿಪ್ ಅದ್ದಿ ಪರೀಕ್ಷಿಸಿ ಬರೆಯಲು ರಿಜಿಸ್ಟರ್‌ಗೆ ಇನ್ನೊಂದು ಕಾಲಂ ಸೇರಿದೆ.