ಸಪ್ರೆಸರ್ ಕೊಳ್ಳುವ ಮೊದಲು ಕಿವಿಯ ಲೆಕ್ಕ

ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮವರು ಯಾರಾದರೂ "ರೈಫಲ್‌ಗೆ ಯಾವ ಸಪ್ರೆಸರ್ ತಗೊಳ್ಳಲಿ?" ಎಂದು (ಸಪ್ರೆಸರ್ ಅಂದರೆ ಸದ್ದು ತಗ್ಗಿಸಲು ನಳಿಗೆಯ ತುದಿಗೆ ಕೂರಿಸುವ ಕೊಳವೆ) ಕೇಳಿದರೆ, ನಾನು ಬ್ರ್ಯಾಂಡ್ ಹೆಸರು ಹೇಳುವುದಕ್ಕೆ ಮುಂಚೆ ಒಂದು ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ನಕ್ಷೆ ತೆಗೆಯುವ ಪರೀಕ್ಷೆ, ಮಾಡಿಸಿಕೊಳ್ಳಿ ಅನ್ನುತ್ತೇನೆ. ಹೆಚ್ಚು ಹೊತ್ತು ಹಿಡಿಯುವ ಪರೀಕ್ಷೆಯಲ್ಲ. ಗುಂಡಿನ ಸದ್ದಿಗೆ ಪೆಟ್ಟು ತಿಂದ ಕಿವಿಯ ನಕ್ಷೆಯಲ್ಲಿ 4,000 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ತಟ್ಟನೆ ಕೆಳಗಿಳಿದಿರುತ್ತದೆ. ಶುರುವಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಸ್ವರಗಳೆಲ್ಲ ಚೆನ್ನಾಗಿಯೇ ಕೇಳುತ್ತಿರುತ್ತವೆ. ಸ, ಶ, ತ, ಫ ಇಂಥ ಅಕ್ಷರಗಳು ಮಾತ್ರ ಒಂದೊಂದಾಗಿ ಮಸುಕಾಗುತ್ತವೆ. ಮನೆಯವರು ಗೊಣಗುತ್ತಿದ್ದಾರೆ ಅನ್ನಿಸುವುದು ಆಮೇಲೆ.

ನಾನು ಹುಟ್ಟಿದ್ದು ವಿರಾಜಪೇಟೆ ಹತ್ತಿರ. ಕೋವಿ ನಮ್ಮ ಮನೆಯಲ್ಲಿ ದೇವರ ದೀಪದಷ್ಟೇ ಸಹಜವಾದ ವಸ್ತು. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನನ್ನ ಚಿಕ್ಕಪ್ಪ ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಾರೆ, ಎಡಗಿವಿಯಲ್ಲಿ ಹೆಚ್ಚೇನೂ ಉಳಿದಿಲ್ಲ. ಬಲಗೈಯವರು ಹೆಗಲಿಗೆ ಕೋವಿ ಏರಿಸಿ ಕೆನ್ನೆ ಒತ್ತಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆಗೆ ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಹನ್ನೆರಡು ಬೋರ್ ಕೋವಿಯ ಸದ್ದು 150 ಡೆಸಿಬೆಲ್ ದಾಟುತ್ತದೆ. ವರ್ಷಗಟ್ಟಲೆ ಹೀಗೆ ಹೊಡೆದವರ ಎರಡು ಕಿವಿಗಳ ನಕ್ಷೆ ಬೇರೆಬೇರೆಯಾಗಿ ಬರುವುದು ಇದರಿಂದಲೇ.

ಲೆಕ್ಕ ಹೀಗಿದೆ. ಗುಂಡಿನಂಥ ಕ್ಷಣಿಕ ಸದ್ದಿಗೆ 140 ಡೆಸಿಬೆಲ್ ಗರಿಷ್ಠ ಮಿತಿ ಎಂದು ಕೆಲಸದ ಜಾಗದ ಸುರಕ್ಷತಾ ನಿಯಮಗಳು ಹೇಳುತ್ತವೆ. ಅದಕ್ಕಿಂತ ಮೇಲಿದ್ದರೆ ಒಂದೇ ಗುಂಡು ಶಾಶ್ವತ ಹಾನಿ ಮಾಡಬಲ್ಲದು. ಸಪ್ರೆಸರ್ ಇಲ್ಲದ .308 (0.308 ಇಂಚು ದಪ್ಪದ ಗುಂಡಿನ) ರೈಫಲ್ ಸುಮಾರು 165 ಡೆಸಿಬೆಲ್ ಅಥವಾ ಅದಕ್ಕೂ ಮೇಲೆ. ಡೆಸಿಬೆಲ್ ಲೆಕ್ಕದಲ್ಲಿ 20 ಏರಿದರೆ ಒತ್ತಡ ಹತ್ತು ಪಟ್ಟು ಆದಂತೆ, ಆದ್ದರಿಂದ 140ಕ್ಕೂ 165ಕ್ಕೂ ಇರುವ ಅಂತರ ಸಣ್ಣದೆಂದು ಭಾವಿಸಬೇಡಿ. ಒಳಗಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ಗ್ರಹಿಸುವ ಕೂದಲು ಕೋಶಗಳು ನಮಗೆ ಹುಟ್ಟಿನಿಂದ ಬರುವುದು ಒಂದೊಂದು ಕಿವಿಗೆ ಸುಮಾರು 15,000. ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಒಳ್ಳೆಯ ಸಪ್ರೆಸರ್ ಇಳಿಸುವುದು 20ರಿಂದ 35 ಡೆಸಿಬೆಲ್. ಅಂದರೆ .308 ಬಂದು ನಿಲ್ಲುವುದು 130-145ರ ನಡುವೆ, ಅಪಾಯದ ಗೆರೆಯ ಆಚೀಚೆ. ಸಿನಿಮಾದಲ್ಲಿ ಕೇಳುವ 'ಪುಸ್' ಎಂಬ ಸದ್ದು ನಿಜಜೀವನದ ರೈಫಲ್‌ನಿಂದ ಬರುವುದಿಲ್ಲ. ಸಪ್ರೆಸರ್ ಪಳಗಿಸುವುದು ನಳಿಗೆಯಿಂದ ನುಗ್ಗುವ ಬಿಸಿ ಅನಿಲವನ್ನು ಮಾತ್ರ: ಒಳಗಿನ ಬ್ಯಾಫಲ್ ಎಂಬ ಅಡ್ಡತಟ್ಟೆಗಳು ಅದನ್ನು ತಡೆತಡೆದು, ತಣಿಸಿ, ನಿಧಾನವಾಗಿ ಹೊರಬಿಡುತ್ತವೆ. ಗುಂಡು ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರ್‌ಗಿಂತ, ಜೋರಾಗಿ ಹೋಗುವಾಗ ಗಾಳಿಯಲ್ಲಿ ಹುಟ್ಟುವ ಚಟಾರ್ ಸದ್ದನ್ನು ಅದು ಮುಟ್ಟುವುದೇ ಇಲ್ಲ. .308 ಗುಂಡು ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಹಾಗಾಗಿ ನನ್ನ ಮಾತು ಒಂದೇ: ಸಪ್ರೆಸರ್ ಇಯರ್‌ಪ್ಲಗ್‌ನ ಜೊತೆಗಾರ, ಬದಲಿ ಅಲ್ಲ. ಎರಡೂ ಕೊಳ್ಳಲು ಹಣವಿಲ್ಲದಿದ್ದರೆ ಸಪ್ರೆಸರ್ ಮುಂದಕ್ಕೆ ಹಾಕಿ.

ಫೋಮ್ ಪ್ಲಗ್ ಜೋಡಿಗೆ ಕೆಲವೇ ಸೆಂಟ್‌ಗಳು. ಪೊಟ್ಟಣದ ಮೇಲೆ ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ತಗ್ಗಿಸುತ್ತದೆ ಎಂಬ ಅಂಕ) 32 ಅಥವಾ 33 ಎಂದು ಬರೆದಿರುತ್ತದೆ. ರೇಂಜಿನಲ್ಲಿ ಸುತ್ತ ನೋಡಿದರೆ ಬಹಳ ಜನರ ಕಿವಿಯಿಂದ ಪ್ಲಗ್ ಅರ್ಧ ಹೊರಗೆ ಇಣುಕುತ್ತಿರುತ್ತದೆ, ಅವರಿಗೆ ಸಿಗುತ್ತಿರುವುದು ಆ ಸಂಖ್ಯೆಯ ಒಂದು ಚೂರು. ಸರಿಯಾದ ಕ್ರಮ ಹೇಳುತ್ತೇನೆ. ಕೈ ತೊಳೆದು, ಪ್ಲಗ್ಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಿರಿ. ಸುಕ್ಕಿಲ್ಲದ ತೆಳು ಕಡ್ಡಿಯಾಗಬೇಕು, ಮಡಿಕೆ ಉಳಿದರೆ ಅದೇ ಸದ್ದಿಗೆ ದಾರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಕಿವಿಯ ಬಾಗಿದ ನಾಳ ನೇರವಾಗುತ್ತದೆ. ತಡಮಾಡದೆ ಒಳಗೆ ತಳ್ಳಿ, ಬೆರಳು ತೆಗೆಯದೆ ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಉಬ್ಬಿ ಕೂತ ಮೇಲೆ ಎರಡೂ ಅಂಗೈಗಳಿಂದ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ನೋಡಿ. ಮುಚ್ಚಿದಾಗ ಸುತ್ತಲಿನ ಸದ್ದು ಗಮನಕ್ಕೆ ಬರುವಷ್ಟು ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಹಾಕಿ.

ಪ್ಲಗ್ ಮೇಲೆ ಇಯರ್‌ಮಫ್ (ಇಡೀ ಕಿವಿ ಮುಚ್ಚುವ ಬಟ್ಟಲು) ಹಾಕಿದರೆ ಎರಡರ ಎನ್‌ಆರ್‌ಆರ್ ಕೂಡುವುದಿಲ್ಲ. ಹೆಚ್ಚಿರುವುದರ ಮೇಲೆ ಸುಮಾರು 5 ಡೆಸಿಬೆಲ್ ಸೇರುತ್ತದೆ ಅಷ್ಟೆ. ಆ ಐದೂ ಬೇಕು, ಮುಖ್ಯವಾಗಿ ಮಾಡು ಇರುವ ರೇಂಜಿನಲ್ಲಿ, ಪಕ್ಕದ ಲೇನಿನವರ ರೈಫಲ್‌ಗೆ ಮಝಲ್ ಬ್ರೇಕ್ (ಒದೆತ ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಭಾಗ) ಇದ್ದಾಗ. ಬ್ರೇಕ್ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ಎರಚುತ್ತದೆ. ಅಂಥವರು ಪಕ್ಕದಲ್ಲಿದ್ದರೆ ನಾನು ಲೇನ್ ಬದಲಿಸುತ್ತೇನೆ.

ಬೇಟೆಗೆ ಹೋಗುವವರಿಗೆ ಎಲೆಕ್ಟ್ರಾನಿಕ್ ಮಫ್ ಬಿಟ್ಟು ಬೇರೆ ದಾರಿ ನಾನು ಹೇಳುವುದಿಲ್ಲ. ಹೊವಾರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್‌ನ ಎನ್‌ಆರ್‌ಆರ್ 22, ವಾಕರ್ಸ್ ರೇಜರ್‌ನದು 23. ಸಂಖ್ಯೆ ಸಣ್ಣದು, ಆದರೆ ಮೈಕ್ ಇರುವುದರಿಂದ ಒಣಗಿದ ಓಕ್ ಎಲೆಗಳ ಮೇಲೆ ಕಾಡುಹಂದಿ ಕಾಲಿಡುವ ಸದ್ದೂ ಕೇಳುತ್ತದೆ, ಹಾಗಾಗಿ ಯಾರೂ ಅದನ್ನು ಕಿವಿಯಿಂದ ಸರಿಸುವುದಿಲ್ಲ. "ಪ್ರಾಣಿ ಬರುವುದು ಕೇಳಿಸಲ್ಲ" ಎಂದು ಬೇಟೆಗಾರರು ಬರಿಗಿವಿಯಲ್ಲಿ ಹೊಡೆಯುವ ಚಾಳಿಗೆ ಇದೇ ಮದ್ದು. ಕನ್ನಡಕದ ದಪ್ಪ ಕಡ್ಡಿ ಮಫ್‌ನ ಅಂಚನ್ನು ಎತ್ತಿ ಸಂದು ಮಾಡುತ್ತದೆ. ತೆಳು ಕಡ್ಡಿಯ ಕನ್ನಡಕ ಅಥವಾ ಜೆಲ್ ಅಂಚಿನ ಮಫ್ ಆರಿಸಿ. ಕೆನ್ನೆ ಸ್ಟಾಕ್‌ಗೆ ಒತ್ತಿದಾಗ ಮಫ್ ಮೇಲೆ ಸರಿಯುತ್ತದೆಯೇ ಎಂಬುದನ್ನು ಖಾಲಿ ರೈಫಲ್‌ನಲ್ಲಿ ಮನೆಯಲ್ಲೇ ನೋಡಿಕೊಳ್ಳಿ.

ಈಗ ಸಪ್ರೆಸರ್. ಇದರ ಹಿಂದಿನ ಕಥೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದವರು ಹೈರಮ್ ಪರ್ಸಿ ಮ್ಯಾಕ್ಸಿಮ್. ಅವರ ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದು, ಅದರ ಸದ್ದಿನಲ್ಲೇ ವರ್ಷಗಳ ಕಾಲ ಇದ್ದು, ಇಳಿವಯಸ್ಸಿಗೆ ಪೂರ್ತಿ ಕಿವುಡರೇ ಆದರು.

ಮೊದಲು ಯಾವ ರೈಫಲ್‌ಗೆ ಎಂದು ನಿರ್ಧರಿಸಿ. .30 ಕ್ಯಾಲಿಬರ್‌ನ ಒಂದು ಸಪ್ರೆಸರ್ .308ಕ್ಕೂ 6.5 ಕ್ರೀಡ್‌ಮೋರ್‌ಗೂ .223ಕ್ಕೂ ನಡೆಯುತ್ತದೆ, ಸಣ್ಣ ಗುಂಡಿಗೆ ತುಸು ಹೆಚ್ಚು ಸದ್ದು ಬಿಡುತ್ತದೆ ಅಷ್ಟೆ. ಒಂದೇ ಕೊಳ್ಳುವವರಿಗೆ ನನ್ನ ಸಲಹೆ ಇದೇ. ಉಲ್ಟಾ ಮಾಡುವಂತಿಲ್ಲ: ಸಣ್ಣ ರಂಧ್ರದ ಸಪ್ರೆಸರ್‌ನಲ್ಲಿ ದೊಡ್ಡ ಗುಂಡು ಹೊಡೆದರೆ ಅದು ಒಡೆಯುತ್ತದೆ, ಜೀವಕ್ಕೂ ಅಪಾಯ. ತಯಾರಕರು ಬರೆದಿರುವ ಕನಿಷ್ಠ ಬ್ಯಾರಲ್ ಉದ್ದವನ್ನೂ ಓದಿ. .22ಗೆ ಬೇರೆಯದೇ ಬೇಕು, ಏಕೆಂದರೆ ಅದರ ಸೀಸದ ಕೊಳೆ ತುಂಬುತ್ತದೆ, ಬಿಚ್ಚಿ ತೊಳೆಯುವಂತಿರಬೇಕು.

ಜಿಂಕೆ ಬೇಟೆಗೆ ನಡೆದು ಹೋಗುವವರಿಗೆ ಟೈಟಾನಿಯಂ. ಬ್ಯಾರಲ್ ತುದಿಯಲ್ಲಿ ಒಂದೊಂದು ಔನ್ಸ್ ಕೂಡ ತೋಳಿಗೆ ಗೊತ್ತಾಗುತ್ತದೆ. ಎಆರ್ ಎಂಬ, ತಾನೇ ಮುಂದಿನ ಗುಂಡು ತುಂಬಿಕೊಳ್ಳುವ ರೈಫಲ್‌ನಲ್ಲಿ ಬೇಗಬೇಗ ಹೊಡೆಯುವವರಿಗೆ ಸ್ಟೀಲ್, ಅಥವಾ ಇಂಕೊನೆಲ್, ಸ್ಟೆಲ್ಲೈಟ್‌ನಂಥ ಮಿಶ್ರಲೋಹ. ಭಾರವಾದರೂ ಶಾಖ ತಡೆಯುತ್ತವೆ. ಉದ್ದ ಹೆಚ್ಚಿದ್ದರೆ ಸಾಮಾನ್ಯವಾಗಿ ಸದ್ದು ಕಡಿಮೆ. ಕಂಪನಿಯ ಡೆಸಿಬೆಲ್ ಸಂಖ್ಯೆ ನೋಡುವಾಗ ಅಳೆದದ್ದು ನಳಿಗೆಯ ಪಕ್ಕದಲ್ಲೋ ಹೊಡೆಯುವವನ ಕಿವಿಯ ಬಳಿಯೋ ಎಂದು ಕೇಳಿ. ಎಆರ್‌ನಲ್ಲಿ ಇವೆರಡೂ ತೀರಾ ಬೇರೆ: ಸಪ್ರೆಸರ್ ತಡೆದ ಅನಿಲ ಹಿಂದಕ್ಕೆ ಬಂದು ಖಾಲಿ ತೋಟೆಯ ಕೇಸ್ ಹೊರಬೀಳುವ ಕಿಂಡಿಯಿಂದ, ಬಲಗಿವಿಯ ಹತ್ತಿರವೇ ಹೊರಡುತ್ತದೆ. ಅದಕ್ಕೇ ಅನಿಲವನ್ನು ಮುಂದಕ್ಕೇ ಬಿಡುವ ಫ್ಲೋ-ಥ್ರೂ ವಿನ್ಯಾಸ, ಹಿಂದಕ್ಕೆ ಬರುವ ಅನಿಲವನ್ನು ಹೊಂದಿಸುವ ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಇವೆಲ್ಲ ಬಂದಿರುವುದು. ಪ್ರತಿ ಸಲ ಕೈಯಿಂದ ಗುಂಡು ಏರಿಸುವ ಬೋಲ್ಟ್ ರೈಫಲ್‌ನಲ್ಲಿ ಈ ತೊಂದರೆ ಇಲ್ಲ, ಕಿವಿಯ ದೃಷ್ಟಿಯಿಂದ ನನ್ನ ಆಯ್ಕೆ ಅದೇ.

ನಳಿಗೆಯ ತುದಿಯ ಥ್ರೆಡ್ (ಸಪ್ರೆಸರ್ ತಿರುಗಿಸಿ ಕೂರಿಸುವ ಗೆರೆ; ಮೊದಲ ಸಂಖ್ಯೆ ಇಂಚಿನಲ್ಲಿ ಅಗಲ, ಎರಡನೆಯದು ಇಂಚಿಗೆ ಇರುವ ಸುತ್ತು) ಸಾಮಾನ್ಯವಾಗಿ .30ಕ್ಕೆ 5/8-24, .223ಕ್ಕೆ 1/2-28. ಮೊದಲ ಸಲ ಕೂರಿಸುವಾಗ ಬೋಲ್ಟ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ನಿಮ್ಮ ಕ್ಯಾಲಿಬರ್‌ನ ಅಲೈನ್‌ಮೆಂಟ್ ರಾಡನ್ನು (ನೇರ ಇದೆಯೇ ಎಂದು ನೋಡುವ ಕಡ್ಡಿ) ಬ್ಯಾರಲ್ ಒಳಗೆ ತೂರಿಸಿ. ರಾಡ್, ಸಪ್ರೆಸರ್ ಮುಂತುದಿಯ ಮುಚ್ಚಳದ (ಎಂಡ್ ಕ್ಯಾಪ್) ರಂಧ್ರದ ನಟ್ಟನಡುವೆ, ಸುತ್ತಲೂ ಸಮನಾದ ಸಂದು ಬಿಟ್ಟು ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಒಂದು ಗುಂಡನ್ನೂ ಹೊಡೆಯದೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಇಲ್ಲದಿದ್ದರೆ ಗುಂಡು ಬ್ಯಾಫಲ್‌ಗೆ ಬಡಿಯುತ್ತದೆ. ಹೊಡೆಯುತ್ತಾ ಹೋದಂತೆ ಸಪ್ರೆಸರ್ ಸಡಿಲವಾಗಬಹುದು, ಆಗಾಗ ಬಿಗಿ ನೋಡಿ, ಆದರೆ ಕಾದಿರುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಹಾಕಿದಾಗ ಗುಂಡು ಬೀಳುವ ಜಾಗ ಬದಲಾಗುತ್ತದೆ, ಆದ್ದರಿಂದ ಹಾಕಿಕೊಂಡೇ ಝೀರೋ ಮಾಡಿ, ಅಂದರೆ ಗುರಿಯನ್ನು ಹೊಂದಿಸಿಕೊಳ್ಳಿ.

ಕಾನೂನಿನ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಬೇಡಿ. ಅಮೆರಿಕದಲ್ಲಿ ಸಪ್ರೆಸರ್ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಅಡಿ ಬರುತ್ತದೆ. 2026ರ ಜನವರಿ 1ರಿಂದ 200 ಡಾಲರ್ ತೆರಿಗೆ ಸೊನ್ನೆಯಾಗಿದೆ, ಆದರೆ ಫಾರ್ಮ್ 4 ಎಂಬ ಅರ್ಜಿ, ಬೆರಳಚ್ಚು, ಫೋಟೋ, ಬಂದೂಕುಗಳನ್ನು ನಿಯಂತ್ರಿಸುವ ಫೆಡರಲ್ ಸಂಸ್ಥೆ ಎಟಿಎಫ್‌ನ ಅನುಮತಿ ಎಲ್ಲವೂ ಹಾಗೇ ಇವೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್ ಸೇರಿ ಎಂಟು ರಾಜ್ಯಗಳಲ್ಲಿ ನಮ್ಮಂಥ ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಬಂದೂಕು ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ನಿಷೇಧಿಸುತ್ತದೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಗೆಳೆಯನ ಮಾತು ನಂಬಿ ಹೋಗಬೇಡಿ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರುವ ಯೋಚನೆಯಂತೂ ಬೇಡವೇ ಬೇಡ. ಭಾರತದ 1959ರ ಆಯುಧ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಸದ್ದು ತಗ್ಗಿಸುವ ಉಪಕರಣವೂ ಬಂದೂಕಿನ ವ್ಯಾಖ್ಯೆಯೊಳಗೇ ಬರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ನೆಚ್ಚಿಕೊಂಡು ಅದನ್ನು ತರಲು ಹೋಗಬೇಡಿ. ಊರಿನ ಪಂದ್ಯಗಳಿಗೆ ಪ್ಲಗ್ ಮತ್ತು ಮಫ್ ಸಾಕು. ನಾನು ಹೋಗುವಾಗ ಫೋಮ್ ಪ್ಲಗ್‌ನ ಡಬ್ಬಗಳನ್ನೇ ಒಯ್ಯುತ್ತೇನೆ, ಬೇಲಿಯ ಬಳಿ ನಿಂತು ನೋಡುವ ಮಕ್ಕಳಿಗೆ ಮೊದಲು ಹಂಚುತ್ತೇನೆ. ತೀರಾ ಸಣ್ಣ ಮಕ್ಕಳಿಗೆ ಅವರ ತಲೆಯ ಅಳತೆಯ ಮಫ್ಫೇ ಆಗಬೇಕು.

ಇಷ್ಟೆಲ್ಲ ಮಾಡಿಯೂ ಹೊಡೆದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಅವತ್ತಿನ ಶೂಟಿಂಗ್ ಅಲ್ಲಿಗೇ ನಿಲ್ಲಿಸಿ. ಮಾರನೆಯ ದಿನವೂ ಸದ್ದು ಹಾಗೇ ಇದ್ದರೆ, ಅಥವಾ ಒಂದು ಕಿವಿ ಮುಚ್ಚಿಕೊಂಡಂತಿದ್ದರೆ, ಅವತ್ತೇ ಇಎನ್‌ಟಿ ವೈದ್ಯರ ಬಳಿ ಹೋಗಿ, ಗುಂಡಿನ ಸದ್ದಿನಿಂದ ಆದದ್ದು ಎಂದು ಸ್ಪಷ್ಟವಾಗಿ ಹೇಳಿ. ಸ್ಟಿರಾಯ್ಡ್ ಚಿಕಿತ್ಸೆ ಕೊಡಬೇಕೆಂದು ಅವರು ತೀರ್ಮಾನಿಸಿದರೆ ಅದು ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು.